ನಾಲ್ಕು ಗ್ರಾಂ, ಒಂದು ಗ್ರಾಂ: ಕೊಲರಾಡೊದ ಫೆಂಟನಿಲ್ ಕಾನೂನು

ಡೆನ್ವರ್ ನಗರದ ಉತ್ತರ ಅಂಚಿಗೆ ಅಂಟಿಕೊಂಡು ಕಾಮರ್ಸ್ ಸಿಟಿ ಎಂಬ ಊರಿದೆ. ಎಣ್ಣೆ ಶುದ್ಧೀಕರಣ ಕಾರ್ಖಾನೆ, ಗೋದಾಮುಗಳು, ದುಡಿದುಣ್ಣುವವರ ಮನೆಗಳಿರುವ ಊರು. 2022ರ ಫೆಬ್ರವರಿ 20ರಂದು ಅಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಐದು ಜನ ಸತ್ತುಬಿದ್ದಿದ್ದರು. ಅದೇ ಮನೆಯಲ್ಲಿ ನಾಲ್ಕು ತಿಂಗಳ ಕೂಸೊಂದು ಬದುಕಿತ್ತು. ಸತ್ತವರು ತಾವು ತೆಗೆದುಕೊಳ್ಳುತ್ತಿರುವುದು ಕೊಕೇನ್ ಎಂದು ನಂಬಿದ್ದರು, ಪುಡಿಯಲ್ಲಿದ್ದದ್ದು ಮಾತ್ರ ಫೆಂಟನಿಲ್ ಎಂದು ಆ ಭಾಗದ ಜಿಲ್ಲಾ ಅಟಾರ್ನಿ ಬ್ರಯಾನ್ ಮೇಸನ್ ಬಳಿಕ ತಿಳಿಸಿದರು. ಕೊಲರಾಡೊದಲ್ಲಿ ಫೆಂಟನಿಲ್‌ನಿಂದ ಜನ ಸಾಯುವುದು ಅಷ್ಟು ಹೊತ್ತಿಗೆ ಹೊಸತೇನೂ ಆಗಿರಲಿಲ್ಲ. ಆದರೆ ಒಂದೇ ಕೋಣೆಯ ಈ ಐದು ಸಾವು, ಅದುವರೆಗೆ ಅಂಕಿಅಂಶಗಳಲ್ಲಿ ಹಂಚಿಹೋಗಿದ್ದ ದುಃಖವನ್ನು ಎಲ್ಲರ ಕಣ್ಣೆದುರು ತಂದು ನಿಲ್ಲಿಸಿತು. ಮೂರು ತಿಂಗಳ ಆಸುಪಾಸಿನಲ್ಲೇ ರಾಜ್ಯದ ದಂಡನಾ ಕಾನೂನು ಬದಲಾಯಿತು. ಮೂರು ವರ್ಷಗಳ ಹಿಂದೆ ಸಡಿಲಿಸಿದ್ದ ಹಗ್ಗವನ್ನು ಅದೇ ಶಾಸನಸಭೆ, ಅದೇ ಗವರ್ನರ್ ಸಹಿಯೊಡನೆ, ಮತ್ತೆ ಬಿಗಿಯಿತು. ಆ ಎರಡು ಕಾನೂನುಗಳ ನಡುವಣ ಕಥೆಯಲ್ಲಿ ಒಂದು ಇಡೀ ದೇಶದ ಗೊಂದಲವಿದೆ.

ಅಮೆರಿಕದಲ್ಲಿ ಪ್ರತಿ ರಾಜ್ಯವೂ ತನ್ನದೇ ದಂಡಸಂಹಿತೆಯನ್ನು ಬರೆದುಕೊಳ್ಳುತ್ತದೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಬೀದರಿಗೂ ಇಂಫಾಲಕ್ಕೂ ಒಂದೇ. ಅಲ್ಲಿ ಹಾಗಿಲ್ಲ. ಒಂದೇ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ರಾಜ್ಯದ ಗಡಿ ದಾಟಿದರೆ ಅಪರಾಧದ ದರ್ಜೆಯೇ ಬೇರೆಯಾಗಬಹುದು. 2019ರಲ್ಲಿ ಕೊಲರಾಡೊ ಶಾಸನಸಭೆ ಒಪ್ಪಿದ ಮಸೂದೆಯ ಪ್ರಕಾರ, ಹೆರಾಯಿನ್, ಕೊಕೇನ್, ಫೆಂಟನಿಲ್ ಮುಂತಾದ ವಸ್ತುಗಳನ್ನು 4 ಗ್ರಾಂವರೆಗೆ ಸ್ವಂತ ಬಳಕೆಗೆ ಇಟ್ಟುಕೊಂಡರೆ ಅದು ಫೆಲನಿ, ಅಂದರೆ ಗಂಭೀರ ಅಪರಾಧ, ಆಗುತ್ತಿರಲಿಲ್ಲ, ಲಘು ಅಪರಾಧವಾಗುತ್ತಿತ್ತು. 2020ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಎರಡೂ ಪಕ್ಷಗಳ ಶಾಸಕರು ಅದಕ್ಕೆ ಕೈಜೋಡಿಸಿದ್ದರು. ವ್ಯಸನಿಗೆ ಫೆಲನಿಯ ಮುದ್ರೆ ಒತ್ತಿದರೆ ಅವನಿಗೆ ಮುಂದೆ ಕೆಲಸ ಸಿಗುವುದಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ, ಜೈಲುಗಳು ತುಂಬುತ್ತವೆ, ವ್ಯಸನ ಮಾತ್ರ ಹಾಗೇ ಉಳಿಯುತ್ತದೆ ಎಂಬುದು ಅವರ ತರ್ಕ. ಮಾರಾಟವನ್ನು ಆ ಕಾನೂನು ಸಡಿಲಿಸಲಿಲ್ಲ ಎಂಬುದನ್ನು ಇಲ್ಲೇ ಒತ್ತಿ ಹೇಳಬೇಕು, ಏಕೆಂದರೆ ಮುಂದಿನ ಕೂಗಾಟದಲ್ಲಿ ಈ ಸಂಗತಿ ಮುಳುಗಿಹೋಯಿತು. ಎಷ್ಟೇ ಕಡಿಮೆ ಪ್ರಮಾಣವಾಗಲಿ, ಮಾರಿದರೆ ಅಂದೂ ಫೆಲನಿಯೇ ಆಗಿತ್ತು.

ಮಾದಕವಸ್ತು ಕಾನೂನುಗಳು ಗ್ರಾಂ ಲೆಕ್ಕಕ್ಕೆ ಬಿದ್ದದ್ದು ಅದಕ್ಕೂ ಬಹಳ ಹಿಂದೆ. 1973ರಲ್ಲಿ ನ್ಯೂಯಾರ್ಕ್‌ನ ಗವರ್ನರ್ ನೆಲ್ಸನ್ ರಾಕ್‌ಫೆಲರ್ ತಂದ ಕಾನೂನು, ಒಂದು ಔನ್ಸ್ ಹೆರಾಯಿನ್ ಮಾರಿದರೆ ಅಥವಾ ಎರಡು ಔನ್ಸ್ ಇಟ್ಟುಕೊಂಡಿದ್ದರೆ ಕನಿಷ್ಠ 15 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಿತು. ನ್ಯಾಯಾಧೀಶರ ವಿವೇಚನೆಗೆ ಅಲ್ಲಿ ಜಾಗ ತೀರಾ ಕಡಿಮೆ. ತಕ್ಕಡಿ ಎಷ್ಟು ತೋರಿಸಿತೋ ಅಷ್ಟು ಶಿಕ್ಷೆ. ಆ ಕಾನೂನಿನ ಫಲವನ್ನು ಅಳೆಯಲು ನ್ಯೂಯಾರ್ಕ್ ನಗರದ ವಕೀಲರ ಸಂಘವೂ ಸೇರಿ ನಡೆಸಿದ ಅಧ್ಯಯನ, 1976ರ ಮಧ್ಯಭಾಗದಲ್ಲೂ ಹೆರಾಯಿನ್ ಬಳಕೆ ಮೊದಲಿನಷ್ಟೇ ವ್ಯಾಪಕವಾಗಿದೆ ಎಂದು ಕಂಡುಕೊಂಡಿತು. ಆದರೂ ಅದೇ ಮಾದರಿ ದೇಶದಲ್ಲೆಲ್ಲ ಹಬ್ಬಿತು. 1986ರ ಜೂನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಸ್ ಕೊಕೇನ್‌ನಿಂದ ಸತ್ತ. ಅಕ್ಟೋಬರ್ ಹೊತ್ತಿಗೆ ಅಮೆರಿಕದ ಸಂಸತ್ತು ಹೊಸ ಕಾನೂನು ಮಾಡಿ ಮುಗಿಸಿತ್ತು. ಒಂದು ಸಾವು, ಅದರ ಹಿಂದೆ ಜನರ ಆಕ್ರೋಶ, ಕೆಲವೇ ತಿಂಗಳಲ್ಲಿ ಕನಿಷ್ಠ ಶಿಕ್ಷೆಯ ಪಟ್ಟಿ: ಈ ಸರಣಿ ಆಗಲೇ ರೂಢಿಗೆ ಬಂದಿತ್ತು. ಆ ಪಟ್ಟಿಯಲ್ಲಿ ಹೆರಾಯಿನ್‌ಗೆ ಐದು ವರ್ಷದ ಕನಿಷ್ಠ ಶಿಕ್ಷೆ 100 ಗ್ರಾಂಗೆ, ಫೆಂಟನಿಲ್‌ಗೆ 40 ಗ್ರಾಂಗೆ. ಫೆಂಟನಿಲ್ ಹೆರಾಯಿನ್‌ಗಿಂತ ಎರಡೂವರೆ ಪಟ್ಟು ಅಪಾಯಕಾರಿ ಎಂಬ ಎಣಿಕೆಯಂತೆ ಈ ಅನುಪಾತ ಕಾಣುತ್ತದೆ. ನಿಜವಾದ ಅಂತರ ಹತ್ತಾರು ಪಟ್ಟು.

ಫೆಂಟನಿಲ್ ಕಳ್ಳರ ಕೈಯಲ್ಲಿ ಹುಟ್ಟಿದ್ದಲ್ಲ. ಬೆಲ್ಜಿಯಂನ ಪಾಲ್ ಜಾನ್ಸೆನ್ 1960ರ ಸುಮಾರಿಗೆ ಅದನ್ನು ತಯಾರಿಸಿದ್ದು ಶಸ್ತ್ರಚಿಕಿತ್ಸೆಯ ಅರಿವಳಿಕೆಗಾಗಿ. ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲ, ಬೇಗ ಕೆಲಸ ಮಾಡುತ್ತದೆ, ಬೇಗ ಇಳಿಯುತ್ತದೆ. ಇಂದಿಗೂ ಆಪರೇಷನ್ ಥಿಯೇಟರುಗಳಲ್ಲಿ ಅದು ಬೇಕೇ ಬೇಕು. ಆದರೆ ಗಸಗಸೆಯ ಹೊಲವಿಲ್ಲದೆ, ಮಳೆಬೆಳೆಯ ಹಂಗಿಲ್ಲದೆ, ಒಂದು ಕೋಣೆಯಲ್ಲಿ ತಯಾರಿಸಬಹುದಾದ ಅಫೀಮು ಇದು ಎಂಬುದು ಕಳ್ಳಸಾಗಣೆದಾರರಿಗೆ ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. 1979ರ ಕೊನೆಗೆ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ‘ಚೈನಾ ವೈಟ್’ ಹೆಸರಿನ ಪುಡಿಯಿಂದ ಜನ ಸತ್ತರು. ಅದು ಫೆಂಟನಿಲ್‌ನ ಅಣುವನ್ನು ತುಸು ತಿರುಚಿ ಮಾಡಿದ್ದಾಗಿತ್ತು. ನಿಷೇಧಿತ ಪಟ್ಟಿಯಲ್ಲಿ ಆ ಅಣು ಇರಲಿಲ್ಲ. 1991ರಲ್ಲಿ ನ್ಯೂಯಾರ್ಕ್ ಸುತ್ತಮುತ್ತ ‘ಟ್ಯಾಂಗೊ ಅಂಡ್ ಕ್ಯಾಶ್’ ಎಂಬ ಮುದ್ರೆಯ ಪೊಟ್ಟಣಗಳಿಂದ ಒಂದೇ ವಾರಾಂತ್ಯದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2005ರಿಂದ 2007ರ ನಡುವೆ ಶಿಕಾಗೊ, ಡೆಟ್ರಾಯಿಟ್, ಫಿಲಡೆಲ್ಫಿಯಾಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಮೂಲ ಮೆಕ್ಸಿಕೊದ ತೊಲುಕಾದ ಒಂದು ಪ್ರಯೋಗಾಲಯ. ಅದನ್ನು ಮುಚ್ಚಿದ ಮೇಲೆ ಆ ಅಲೆ ನಿಂತಿತು. ತಯಾರಿಸುವ ಜಾಗ ಒಂದೇ ಇದ್ದಾಗ ಪೊಲೀಸ್ ಕಾರ್ಯಾಚರಣೆ ಎಷ್ಟು ಫಲ ಕೊಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. 2013ರ ನಂತರ ಆ ಸ್ಥಿತಿ ಉಳಿಯಲಿಲ್ಲ. ಸಂಶ್ಲೇಷಿತ ಅಫೀಮುಗಳಿಂದ ಆ ವರ್ಷ ಅಮೆರಿಕದಲ್ಲಿ ಸತ್ತವರು ಸುಮಾರು 3,100 ಮಂದಿ. 2021ರಲ್ಲಿ 70,000 ದಾಟಿತು.

ಪೂರ್ವದ ರಾಜ್ಯಗಳಲ್ಲಿ ಮೊದಲು ಹೊತ್ತಿಕೊಂಡ ಬೆಂಕಿ ಪಶ್ಚಿಮಕ್ಕೆ ತಡವಾಗಿ ಬಂದದ್ದಕ್ಕೆ ಒಂದು ಸರಳ ಭೌತಿಕ ಕಾರಣವಿದೆ. ಪೂರ್ವದಲ್ಲಿ ಬಿಕರಿಯಾಗುತ್ತಿದ್ದ ಹೆರಾಯಿನ್ ಬಿಳಿ ಪುಡಿ. ಅದರಲ್ಲಿ ಇನ್ನೊಂದು ಬಿಳಿ ಪುಡಿಯನ್ನು ಬೆರೆಸುವುದು ಸುಲಭ. ಪಶ್ಚಿಮದ್ದು ಡಾಂಬರಿನಂತೆ ಅಂಟಂಟಾದ ಕಪ್ಪು ಹೆರಾಯಿನ್, ಬೆರಕೆಗೆ ಒಗ್ಗುವಂಥದ್ದಲ್ಲ. ಹಾಗಾಗಿ ಅಲ್ಲಿಗೆ ಫೆಂಟನಿಲ್ ಹೆಚ್ಚಾಗಿ ಬಂದದ್ದು ಮಾತ್ರೆಯ ವೇಷದಲ್ಲಿ. ತಿಳಿನೀಲಿ ಬಣ್ಣ, ದುಂಡಗೆ, ಒಂದು ಬದಿಗೆ ಚೌಕದೊಳಗೆ ‘ಎಂ’ ಅಕ್ಷರ, ಇನ್ನೊಂದು ಬದಿಗೆ 30 ಎಂಬ ಅಂಕಿ, ಅದರಡಿ ಅರ್ಧಕ್ಕೆ ಮುರಿಯಲು ಒಂದು ಗೆರೆ. ವೈದ್ಯರು ಬರೆದುಕೊಡುವ 30 ಮಿಲಿಗ್ರಾಂ ಆಕ್ಸಿಕೋಡೋನ್ ಮಾತ್ರೆಯ ಪಡಿಯಚ್ಚು. ಒಂದರ ತೂಕ ಸುಮಾರು ಒಂದು ಗ್ರಾಂನ ಹತ್ತನೇ ಒಂದು ಭಾಗ, ಬೀದಿಯಲ್ಲಿ ಕೆಲವೇ ಡಾಲರ್ ಬೆಲೆ. ಅದರಲ್ಲಿ ಫೆಂಟನಿಲ್ ಇರುವುದು ಒಂದೋ ಎರಡೋ ಮೂರೋ ಮಿಲಿಗ್ರಾಂ. ಉಳಿದದ್ದೆಲ್ಲ ಬಣ್ಣ, ಗಟ್ಟಿ ಹಿಡಿಸುವ ಪುಡಿ. 2 ಮಿಲಿಗ್ರಾಂ ಒಳಗೆ ಹೋದರೆ ಅಭ್ಯಾಸವಿಲ್ಲದವರ ಉಸಿರು ನಿಲ್ಲಬಹುದು. ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ 2022ರಲ್ಲಿ ಪರೀಕ್ಷಿಸಿದ ಇಂಥ ನಕಲಿ ಮಾತ್ರೆಗಳಲ್ಲಿ ಹತ್ತಕ್ಕೆ ಆರರಲ್ಲಿ ಪ್ರಾಣಾಂತಕ ಪ್ರಮಾಣವಿತ್ತು. ಒಂದೇ ಅಚ್ಚಿನಿಂದ ಬಂದ ಎರಡು ಮಾತ್ರೆಗಳಲ್ಲಿ ಒಂದು ಕೊಲ್ಲಬಹುದು, ಇನ್ನೊಂದು ಬರೀ ಮಂಪರು ತರಬಹುದು. ನುಂಗುವವನಿಗೆ ಅದು ಗೊತ್ತಾಗುವುದಿಲ್ಲ. ಬಹುಪಾಲು ಮಾರುವವನಿಗೂ ಗೊತ್ತಿರುವುದಿಲ್ಲ.

ದಂಡನೆಯ ಕಾನೂನು ಇಂಥ ಪ್ರಕರಣಗಳಲ್ಲಿ ಕೇಳುವುದು ಮುಖ್ಯವಾಗಿ ಎರಡು ಪ್ರಶ್ನೆ: ಎಷ್ಟಿತ್ತು, ಗೊತ್ತಿತ್ತೇ. ತೂಕ ಅಪರಾಧದ ಗಾತ್ರಕ್ಕೆ ಅಳತೆ, ಅರಿವು ಅದರ ದುರುದ್ದೇಶಕ್ಕೆ ಅಳತೆ. ಫೆಂಟನಿಲ್ ಈ ಎರಡೂ ಅಳತೆಗಳನ್ನು ಮುರಿದುಹಾಕಿತು ಎಂಬುದೇ ನನ್ನ ವಾದ. ಮೊದಲು ತೂಕ. ಬಹುತೇಕ ಎಲ್ಲ ಕಾನೂನುಗಳೂ ಅಳೆಯುವುದು ಶುದ್ಧ ಮಾದಕವನ್ನಲ್ಲ, ಅದು ಎಳ್ಳಷ್ಟಾದರೂ ಬೆರೆತಿರುವ ಇಡೀ ಮಿಶ್ರಣವನ್ನು. ನಮ್ಮಲ್ಲೂ ಇದೇ ನಿಯಮ. ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇಡೀ ಮಿಶ್ರಣದ ತೂಕವೇ ಲೆಕ್ಕ ಎಂದು ತೀರ್ಪಿತ್ತಿತು. ಹೆರಾಯಿನ್ ವಿಷಯದಲ್ಲಿ ಇದಕ್ಕೊಂದು ಅರ್ಥವಿತ್ತು. ಹೆಚ್ಚು ಪೊಟ್ಟಣ ಎಂದರೆ ಹೆಚ್ಚು ಗಿರಾಕಿ, ದೊಡ್ಡ ವ್ಯಾಪಾರ. ಫೆಂಟನಿಲ್‌ನಲ್ಲಿ ತಕ್ಕಡಿ ತೂಗುವುದು ಬಹುಪಾಲು ಬಣ್ಣವನ್ನೂ ಹಿಟ್ಟನ್ನೂ. ಅರ್ಧ ಗ್ರಾಂ ಶುದ್ಧ ಫೆಂಟನಿಲ್ ಇಟ್ಟುಕೊಂಡ ಸಗಟು ವ್ಯಾಪಾರಿಯಲ್ಲಿ ಇನ್ನೂರಕ್ಕೂ ಹೆಚ್ಚು ಮಾರಕ ಡೋಸು ಇರುತ್ತದೆ. ತೂಕದ ಕಣ್ಣಿಗೆ ಅವನು ಇಪ್ಪತ್ತು ಮಾತ್ರೆ ಇಟ್ಟುಕೊಂಡ ವ್ಯಸನಿಗಿಂತ ಸಣ್ಣ ಅಪರಾಧಿ.

2022ರ ವಸಂತದಲ್ಲಿ ಡೆನ್ವರ್‌ನ ಚಿನ್ನದ ಗುಮ್ಮಟದ ಶಾಸನಭವನದಲ್ಲಿ ಚರ್ಚೆ ಸಿಕ್ಕಿಹಾಕಿಕೊಂಡದ್ದು ಇಲ್ಲಿಯೇ. ಕೆಳಮನೆಯ ಸ್ಪೀಕರ್ ಅಲೆಕ್ ಗಾರ್ನೆಟ್ ಎಂಬ ಡೆಮಾಕ್ರಾಟ್ ಮತ್ತು ಮೈಕ್ ಲಿಂಚ್ ಎಂಬ ರಿಪಬ್ಲಿಕನ್ ಸೇರಿ ತಂದ 1326ನೇ ಸಂಖ್ಯೆಯ ಮಸೂದೆ ಮೊದಲು ಕಣ್ಣಿಟ್ಟದ್ದು ಮಾರಾಟಗಾರರ ಮೇಲೆ. ಅದುವರೆಗೆ ಮಾರಾಟದಲ್ಲಿ ಅತ್ಯುನ್ನತ ದರ್ಜೆಯ ಅಪರಾಧಕ್ಕೆ 225 ಗ್ರಾಂ ದಾಟಬೇಕಿತ್ತು. ಫೆಂಟನಿಲ್‌ಗೆ ಅದು 50 ಗ್ರಾಂಗೆ ಇಳಿಯಿತು. ಮಾರಿದ ಮಾಲಿನಿಂದ ಯಾರಾದರೂ ಸತ್ತರೆ ತೂಕ ಎಷ್ಟೇ ಇರಲಿ ಅದೇ ದರ್ಜೆ, 8ರಿಂದ 32 ವರ್ಷ ಸೆರೆ. ಇದರ ಮೇಲೆ ದೊಡ್ಡ ಜಗಳವಾಗಲಿಲ್ಲ. ಜಗಳವಾದದ್ದು ಬಳಸುವವನ ಜೇಬಿನ 4 ಗ್ರಾಂ ಮೇಲೆ. ನಾಲ್ಕು ಗ್ರಾಂ ಎಂದರೆ ಸುಮಾರು ನಲವತ್ತು ಮಾತ್ರೆ, ಅಷ್ಟರಿಂದ ನಲವತ್ತು ಜನರನ್ನು ಕೊಲ್ಲಬಹುದು, ಅದನ್ನು ಲಘು ಅಪರಾಧ ಎನ್ನುವುದು ಹೇಗೆ ಎಂದು ಪೊಲೀಸ್ ಅಧಿಕಾರಿಗಳೂ ಹಲವು ಜಿಲ್ಲಾ ಅಟಾರ್ನಿಗಳೂ ಕೇಳಿದರು. ಒಂದೇ ಮಾತ್ರೆ ಇದ್ದರೂ ಫೆಲನಿಯಾಗಲಿ ಎಂಬುದು ಅವರ ಬೇಡಿಕೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ಸಮಿತಿಯ ಮುಂದೆ ಬಂದು ಕೂತರು. ಚಟದಿಂದ ಹೊರಬಂದವರು, ವೈದ್ಯರು, ವ್ಯಸನಿಗಳ ನಡುವೆ ಕೆಲಸ ಮಾಡುವವರು ಎದುರು ದಿಕ್ಕಿನಿಂದ ಬಂದರು. ಚಟ ಹತ್ತಿದ ದೇಹ ಹೆಚ್ಚು ಹೆಚ್ಚು ಬೇಡುತ್ತದೆ, ದಿನಕ್ಕೆ ಹತ್ತಾರು ಮಾತ್ರೆ ಬೇಕಾದವರಿದ್ದಾರೆ, ಹತ್ತು ಮಾತ್ರೆಯ ಗೆರೆ ಎಳೆದರೆ ಸಿಗುವುದು ರೋಗಿಗಳೇ ಎಂದರು.

ಕೊನೆಗೆ ನಿಂತದ್ದು 1 ಗ್ರಾಂ. ಅದಕ್ಕಿಂತ ಹೆಚ್ಚು, 4 ಗ್ರಾಂವರೆಗೆ, ಫೆಂಟನಿಲ್ ಬೆರೆತ ಯಾವುದೇ ಮಿಶ್ರಣ ಇಟ್ಟುಕೊಂಡರೆ ನಾಲ್ಕನೇ ದರ್ಜೆಯ ಫೆಲನಿ. ಈ ಒಂದಕ್ಕೆ ಆಧಾರವೇನು ಎಂದು ಹುಡುಕಿದರೆ ವೈದ್ಯಶಾಸ್ತ್ರದಲ್ಲಿ ಸಿಗುವುದಿಲ್ಲ, ಅಪರಾಧಶಾಸ್ತ್ರದಲ್ಲೂ ಸಿಗುವುದಿಲ್ಲ. ಸೊನ್ನೆ ಬೇಕೆಂದವರಿಗೂ ನಾಲ್ಕು ಇರಲಿ ಎಂದವರಿಗೂ ನಡುವೆ ಮತ ಕೂಡಿಬಂದ ಜಾಗ ಅದು. ಶಾಸನಸಭೆಗಳಲ್ಲಿ ರಾಜಿ ಹೀಗೆಯೇ ಆಗುತ್ತದೆ, ಅದನ್ನು ದೂರಬೇಕಿಲ್ಲ. ಆದರೆ ಹೀಗೆ ಕುದುರಿದ ಅಂಕಿ ಕಾಯ್ದೆಯ ಪುಟಕ್ಕೆ ಬಿದ್ದ ಮರುದಿನದಿಂದ ಪೊಲೀಸರ ಕೈಯಲ್ಲಿ, ಸರ್ಕಾರಿ ವಕೀಲರ ಕಡತದಲ್ಲಿ, ಅಪಾಯವನ್ನು ನಿಜಕ್ಕೂ ಅಳೆಯುವ ಮಾನದಂಡದಂತೆ ನಡೆದುಕೊಳ್ಳತೊಡಗುತ್ತದೆ. ಒಂಬತ್ತು ಮಾತ್ರೆಯವನಿಗೂ ಹನ್ನೊಂದು ಮಾತ್ರೆಯವನಿಗೂ ಒಂದು ಆಯುಷ್ಯದ ವ್ಯತ್ಯಾಸ ಬೀಳುತ್ತದೆ. ನನ್ನನ್ನು ಕಾಡುವುದು ಅದು.

ಎರಡನೆಯ ಪ್ರಶ್ನೆ ಇನ್ನೂ ಕಠಿಣ: ಗೊತ್ತಿತ್ತೇ? ಕಾಮರ್ಸ್ ಸಿಟಿಯ ಐವರು ಬದುಕಿ ಉಳಿದಿದ್ದು, ಅವರ ಬಳಿ ಆ ಪುಡಿ ಸಿಕ್ಕಿದ್ದರೆ, ಹೊಸ ಕಾನೂನಿನಡಿ ಅವರು ಏನಾಗುತ್ತಿದ್ದರು? ತಾವು ಇಟ್ಟುಕೊಂಡದ್ದು ಫೆಂಟನಿಲ್ ಎಂದು ಅವರಿಗೆ ತಿಳಿದಿರಲಿಲ್ಲ. ಆ ಹೊತ್ತಿಗೆ ಕೊಕೇನ್‌ನಲ್ಲಿ, ಮೆಥ್‌ನಲ್ಲಿ, ನಕಲಿ ನಿದ್ದೆಮಾತ್ರೆಯಲ್ಲಿ ಎಲ್ಲೆಲ್ಲೂ ಫೆಂಟನಿಲ್ ಬೆರೆತಿತ್ತು. ಫೆಂಟನಿಲ್ ಎಂದು ತಿಳಿದೇ ಇಟ್ಟುಕೊಂಡದ್ದು ಎಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದಾಗಬೇಕು ಎಂದು ಒಂದು ಗುಂಪು ಪಟ್ಟುಹಿಡಿಯಿತು. ಹಾಗೆ ಮಾಡಿದರೆ ಒಂದು ಪ್ರಕರಣವೂ ನಿಲ್ಲುವುದಿಲ್ಲ ಎಂದು ಪ್ರಾಸಿಕ್ಯೂಟರ್‌ಗಳು ವಾದಿಸಿದರು. ಅವರ ಮಾತಿನಲ್ಲಿ ಸತ್ಯವಿತ್ತು. ತಿಳಿದಿತ್ತೆಂದು ತೋರಿಸುವುದು ಕಷ್ಟ, ಏಕೆಂದರೆ ಎಷ್ಟೋ ಸಲ ನಿಜಕ್ಕೂ ತಿಳಿದಿರುವುದಿಲ್ಲ. ಅಧಿವೇಶನದ ಕೊನೆಯ ಗಳಿಗೆಯವರೆಗೆ ಎಳೆದಾಡಿ ಒಪ್ಪಿದ ಸೂತ್ರ ಹೀಗಿದೆ: ಫೆಂಟನಿಲ್ ಇದೆಯೆಂದು ತನಗೆ ತಿಳಿದಿರಲಿಲ್ಲ, ಆ ತಪ್ಪು ತಿಳಿವಳಿಕೆ ಯಾರಿಗಾದರೂ ಬರಬಹುದಾದದ್ದೇ ಎಂದು ಆರೋಪಿ ಪುರಾವೆ ಮುಂದಿಟ್ಟರೆ, ಆ ಪ್ರಶ್ನೆ ಜ್ಯೂರಿಯ ಮುಂದೆ ಹೋಗುತ್ತದೆ, ಜ್ಯೂರಿ ಒಪ್ಪಿದರೆ ಅಪರಾಧ ಲಘುವಾಗುತ್ತದೆ. ಮೇ 25ರಂದು ಗವರ್ನರ್ ಜೇರೆಡ್ ಪೊಲಿಸ್ ಸಹಿ ಹಾಕಿದರು, ಜುಲೈ 1ರಿಂದ ಜಾರಿ. ತಿಳಿಯದೆ ಇಟ್ಟುಕೊಂಡವನು ತನಗೆ ತಿಳಿದಿರಲಿಲ್ಲವೆಂದು ತೋರಿಸುವ ಭಾರ ಹೊತ್ತ. ಬಡವನಾಗಿ, ಸರ್ಕಾರ ನೇಮಿಸಿದ ವಕೀಲನ ಕೈಯಲ್ಲಿ ತನ್ನ ಪ್ರಕರಣ ಕೊಟ್ಟು, ಸಾಮಾನ್ಯವಾಗಿ ವಿಚಾರಣೆಗೂ ಹೋಗದೆ ತಪ್ಪೊಪ್ಪಿಗೆಯ ಒಪ್ಪಂದದಲ್ಲಿ ಮುಗಿಸಿಕೊಳ್ಳುವವನು ಆ ಭಾರವನ್ನು ಹೊರುವುದು ಸುಲಭವಲ್ಲ.

ಇದಕ್ಕೆ ಎದ್ದ ಆಕ್ಷೇಪಗಳು ಹಗುರವಲ್ಲ. ಮೊದಲನೆಯದು, 2019ರ ಸಡಿಲಿಕೆಯೇ ಈ ಅನಾಹುತಕ್ಕೆ ಕಾರಣ ಎಂಬುದು. ಅಂಕಿ ನೋಡಿದರೆ ಹಾಗೇ ಕಾಣುತ್ತದೆ: ಕೊಲರಾಡೊದಲ್ಲಿ ಫೆಂಟನಿಲ್ ಸಾವುಗಳು 2019ರಲ್ಲಿ 222, 2021ರಲ್ಲಿ 912. ಆದರೆ ಇದೇ ಅವಧಿಯಲ್ಲಿ, ಒಂದು ಗ್ರಾಂಗಿಂತ ಕಡಿಮೆ ಇಟ್ಟುಕೊಂಡರೂ ಫೆಲನಿಯಾಗುವ ಟೆಕ್ಸಸ್‌ನಲ್ಲಿ ಕೂಡ ಸಾವುಗಳು ಹಲವು ಪಟ್ಟು ಏರಿದವು. ಅದಕ್ಕೂ ಮುಂಚೆ, ಕಾನೂನನ್ನು ಯಾರೂ ಸಡಿಲಿಸದಿದ್ದ ಓಹಾಯೊ, ವೆಸ್ಟ್ ವರ್ಜೀನಿಯಾ, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಇದೇ ಏರಿಕೆ ಆಗಿಹೋಗಿತ್ತು. ಏರಿಕೆಯ ಗಡಿಯಾರ ನಡೆದದ್ದು ಫೆಂಟನಿಲ್ ಯಾವಾಗ ಆ ಮಾರುಕಟ್ಟೆಗೆ ಬಂತು ಎಂಬುದರ ಮೇಲೆ, ಕಾನೂನು ಯಾವಾಗ ಬದಲಾಯಿತು ಎಂಬುದರ ಮೇಲಲ್ಲ. ಇದೇ ಮಾನದಂಡವನ್ನು 2022ರ ಕಾನೂನಿಗೂ ಹಚ್ಚಬೇಕು. ಬಿಗಿ ಮಾಡಿದ ಮೇಲೆ, 2023ರಲ್ಲಿ, ಕೊಲರಾಡೊದ ಫೆಂಟನಿಲ್ ಸಾವುಗಳು ಸಾವಿರ ದಾಟಿ 1,097ಕ್ಕೆ ಮುಟ್ಟಿದವು. ಅದನ್ನು ಹಿಡಿದು ಬಿಗಿ ಕಾನೂನೇ ಕೊಂದಿತು ಎನ್ನುವುದೂ ಅಷ್ಟೇ ಅನ್ಯಾಯ. ಪ್ಯೂ ಸಂಸ್ಥೆ 2018ರಲ್ಲಿ ಎಲ್ಲ ರಾಜ್ಯಗಳ ಅಂಕಿಗಳನ್ನು ಹೋಲಿಸಿ, ಮಾದಕವಸ್ತು ಅಪರಾಧಕ್ಕೆ ಎಷ್ಟು ಜನರನ್ನು ಜೈಲಿಗೆ ಹಾಕಲಾಗಿದೆ ಎಂಬುದಕ್ಕೂ ಆ ರಾಜ್ಯದ ಬಳಕೆ, ಅತಿಸೇವನೆಯ ಸಾವುಗಳಿಗೂ ಗಣನೀಯ ಸಂಬಂಧ ಕಾಣಲಿಲ್ಲ ಎಂದಿತು. ಶಿಕ್ಷೆಯ ತಿರುಪನ್ನು ಅತ್ತಿತ್ತ ತಿರುಗಿಸಿದ್ದಕ್ಕೆ ಸಾವಿನ ಮುಳ್ಳು ಸ್ಪಂದಿಸಿದ್ದು ಕಡಿಮೆ.

ಸರಿ, ಬಳಸುವವರನ್ನು ಬಿಡಿ, ಕೊಲ್ಲುವ ಮಾಲು ಮಾರಿದವನನ್ನು ಕೊಲೆಗಾರ ಎನ್ನಬಾರದೇಕೆ ಎಂಬುದು ಎರಡನೆಯ ಆಕ್ಷೇಪ. ನ್ಯೂಜೆರ್ಸಿ 1987ರಲ್ಲೇ ಇಂಥ ಕಾನೂನು ಮಾಡಿತ್ತು. ಇಂದು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. 2023ರಲ್ಲಿ ಟೆಕ್ಸಸ್ ಫೆಂಟನಿಲ್ ಪೂರೈಸಿ ಸಾವಿಗೆ ಕಾರಣನಾದವನ ಮೇಲೆ ಕೊಲೆ ಆರೋಪ ಹೊರಿಸಲು ದಾರಿ ಮಾಡಿತು. ಸಾವಿರಾರು ನಕಲಿ ಮಾತ್ರೆ ಒತ್ತಿಸಿ ಶಾಲಾಮಕ್ಕಳಿಗೆ ಫೋನಿನ ಮೂಲಕ ಮಾರುವವನನ್ನು ಸಮರ್ಥಿಸುವವರು ಯಾರೂ ಇಲ್ಲ, ನಾನೂ ಇಲ್ಲ. ಅಂಥವನಿಗೆ ದೀರ್ಘ ಶಿಕ್ಷೆ ನ್ಯಾಯವೇ. ಆದರೆ ಕಾನೂನಿನ ಬಲೆಗೆ ಯಾರು ಬೀಳುತ್ತಿದ್ದಾರೆ ಎಂಬುದನ್ನು ನೋಡಬೇಕು. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಪತ್ರಿಕಾ ವರದಿಗಳಿಂದ ಇಂಥ ಪ್ರಕರಣಗಳನ್ನು ಕಲೆಹಾಕಿ ನೋಡಿದಾಗ, ಆರೋಪಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತವರ ಗೆಳೆಯರೋ ಸಂಗಾತಿಯೋ ನೆಂಟರೋ ಆಗಿದ್ದರು. ಇಬ್ಬರು ಸೇರಿ ದುಡ್ಡು ಹಾಕಿ ತಂದು ಹಂಚಿಕೊಂಡದ್ದು, ಒಬ್ಬ ಬದುಕಿದ್ದು, ಬದುಕಿದವ ಆರೋಪಿಯಾದದ್ದು. ಮೇಲಿನ ಸಗಟುದಾರ ತನಿಖೆಯ ಕೈಗೆ ಸಿಗುವುದು ಅಪರೂಪ, ಶವದ ಪಕ್ಕ ನಿಂತವನ ಫೋನು ತಕ್ಷಣ ಸಿಗುತ್ತದೆ. ಅತಿಸೇವನೆಯಾದಾಗ ಆಂಬುಲೆನ್ಸ್‌ಗೆ ಕರೆದವನನ್ನು ಹಿಡಿಯುವುದಿಲ್ಲ ಎಂಬ ಭರವಸೆಯ ಕಾನೂನನ್ನು ನ್ಯೂಮೆಕ್ಸಿಕೊ 2007ರಲ್ಲಿ ಮೊದಲು ತಂದಿತು, ಬಹುತೇಕ ರಾಜ್ಯಗಳು ಅದನ್ನು ಹಿಂಬಾಲಿಸಿದವು. ಆದರೆ ಹಲವು ರಾಜ್ಯಗಳಲ್ಲಿ ಆ ಭರವಸೆ ಮಾದಕ ಇಟ್ಟುಕೊಂಡ ಅಪರಾಧಕ್ಕಷ್ಟೇ ಅನ್ವಯ, ಸಾವಿನ ಆರೋಪಕ್ಕಲ್ಲ. ಕೋಣೆಯಲ್ಲಿ ಒಬ್ಬ ನೀಲಿಗಟ್ಟುತ್ತಿರುವಾಗ, ಕರೆದರೆ ಇಪ್ಪತ್ತು ವರ್ಷ ಜೈಲಾಗಬಹುದೆಂದು ಹೆದರಿ ಇನ್ನೊಬ್ಬ ಐದು ನಿಮಿಷ ತಡಮಾಡಿದರೆ ಸಾಕು. ಕೊಲರಾಡೊ ತನ್ನ ಕಾಯ್ದೆಯಲ್ಲಿ ಸಣ್ಣ ಪ್ರಮಾಣ ಕೊಟ್ಟು, ಸ್ಥಳದಲ್ಲೇ ಉಳಿದು ಸಹಾಯಕ್ಕೆ ಕರೆದವರಿಗೆ ರಕ್ಷಣೆ ಸೇರಿಸಿದ್ದು ವಿವೇಕದ ಕೆಲಸ.

ತಡೆಯುವ ಮಾತು ಹಾಗಿರಲಿ, ನ್ಯಾಯದ ಮಾತು ಏನು ಎಂದು ಮಗನನ್ನು ಕಳೆದುಕೊಂಡ ತಾಯಿ ಕೇಳಬಹುದು. ಈ ಪ್ರಶ್ನೆಗೆ ಅಂಕಿಅಂಶ ಉತ್ತರವಲ್ಲ. ಒಂದು ಮಾತ್ರೆಯಿಂದ ಮಗ ಸತ್ತಾಗ ಅದನ್ನು ಅಪಘಾತ ಎಂದು ಬರೆದು ಕಡತ ಮುಚ್ಚಿದರೆ ಸರ್ಕಾರ ತನ್ನ ಮಗನ ಜೀವಕ್ಕೆ ಬೆಲೆ ಕೊಡಲಿಲ್ಲ ಎಂದೇ ಆಕೆಗೆ ಅನಿಸುತ್ತದೆ, ಅದು ಸಹಜ. ಹಾಗಾಗಿ ತನಿಖೆ ಆಗಬೇಕು, ಹೊಣೆ ಗುರುತಿಸಬೇಕು. ಆದರೆ ಸಾವಿಗೆ ಇದೇ ಕಾರಣ ಎಂದು ತೋರಿಸುವ ಹೊಣೆ ಸರ್ಕಾರದ ಮೇಲಿರಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 2014ರ ಬರೇಜ್ ಪ್ರಕರಣದಲ್ಲಿ, ಹಲವು ಮಾದಕಗಳು ಬೆರೆತ ದೇಹದಲ್ಲಿ ಆರೋಪಿ ಕೊಟ್ಟ ವಸ್ತು ಇಲ್ಲದಿದ್ದರೆ ಸಾವು ಸಂಭವಿಸುತ್ತಿರಲಿಲ್ಲ ಎಂದು ತೋರಿಸದೆ ಇಪ್ಪತ್ತು ವರ್ಷದ ಕನಿಷ್ಠ ಶಿಕ್ಷೆ ಹಾಕುವಂತಿಲ್ಲ ಎಂದಿತು. ಅದು ಕೇಂದ್ರದ ಕಾನೂನಿಗೆ ಕೊಟ್ಟ ತೀರ್ಪು, ರಾಜ್ಯಗಳು ತಮ್ಮ ಕಾನೂನಿನಲ್ಲಿ ಬೇರೆ ಅಳತೆ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬಾರದು ಎಂಬುದು ನನ್ನ ನಿಲುವು. ದುಃಖಕ್ಕೆ ಉತ್ತರ ಕೊಡುವ ಆತುರದಲ್ಲಿ ಕಾರಣವನ್ನೇ ಸಾಬೀತುಪಡಿಸದೆ ಕೊಟ್ಟ ಶಿಕ್ಷೆ, ಸತ್ತವನಿಗೂ ನ್ಯಾಯ ಒದಗಿಸುವುದಿಲ್ಲ.

ನನ್ನ ವಾದಕ್ಕೆ ಹೆಚ್ಚು ತೊಡಕು ತರುವುದು ಇನ್ನೊಂದು ಆಕ್ಷೇಪ. ಜೈಲಿನ ಹೆದರಿಕೆಯಿಲ್ಲದೆ ವ್ಯಸನಿ ಚಿಕಿತ್ಸೆಗೆ ಬರುವುದಿಲ್ಲ. ಒರೆಗಾನ್ ನೋಡಿ ಎನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಒರೆಗಾನ್ ಮತದಾರರು ಸಣ್ಣ ಪ್ರಮಾಣ ಇಟ್ಟುಕೊಳ್ಳುವುದನ್ನು ಅಪರಾಧವೇ ಅಲ್ಲವೆಂದು ಮಾಡಿದರು. ಸಿಕ್ಕಿಬಿದ್ದವರಿಗೆ 100 ಡಾಲರ್ ದಂಡದ ಚೀಟಿ, ಸಹಾಯವಾಣಿಗೆ ಕರೆಮಾಡಿದರೆ ಅದೂ ಮಾಫಿ. ಕರೆಮಾಡಿದವರು ತೀರಾ ವಿರಳ. ಚಿಕಿತ್ಸೆಯ ಹಣ ತಡವಾಗಿ ಬಂತು, ಪೋರ್ಟ್‌ಲ್ಯಾಂಡ್ ಬೀದಿಗಳಲ್ಲಿ ಜನ ಹಗಲಿನಲ್ಲೇ ಸೇದುವುದು ಸಾಮಾನ್ಯವಾಯಿತು. 2024ರಲ್ಲಿ ರಾಜ್ಯ ಅದನ್ನು ಹಿಂತೆಗೆದುಕೊಂಡಿತು. ಸಾವುಗಳ ಏರಿಕೆಗೆ ಆ ಕಾನೂನು ಕಾರಣವೇ ಎಂಬುದರಲ್ಲಿ ಸಂಶೋಧಕರಿಗೆ ಒಮ್ಮತವಿಲ್ಲ. ಒಂದು ಅಧ್ಯಯನ ಹೌದೆಂದಿತು, ಫೆಂಟನಿಲ್ ಮಾರುಕಟ್ಟೆಗೆ ಬಂದ ಕಾಲವನ್ನು ಲೆಕ್ಕಕ್ಕೆ ಹಿಡಿದ ಇನ್ನೊಂದು ಅಧ್ಯಯನಕ್ಕೆ ಆ ಸಂಬಂಧ ಕಾಣಲಿಲ್ಲ. ಸಾವಿನ ಮಾತು ಬದಿಗಿಟ್ಟರೂ ಒಂದನ್ನು ಒಪ್ಪಬೇಕು: ಶಿಕ್ಷೆ ತೆಗೆದು, ಚಿಕಿತ್ಸೆಯ ಬಾಗಿಲು ತೆರೆಯುವ ಮೊದಲೇ ಸುಮ್ಮನಾದರೆ ಜನರನ್ನು ಬೀದಿಗೆ ಬಿಟ್ಟಂತೆ. ಒರೆಗಾನ್ ಕಲಿಸಿದ್ದು ಅದನ್ನು. ಆದರೆ ಒತ್ತಡ ಬೇಕು ಎಂಬ ಮಾತಿನಿಂದ ಫೆಲನಿ ಬೇಕು ಎಂಬಲ್ಲಿಗೆ ಹಾರುವುದು ಸರಿಯಲ್ಲ. ಲಘು ಅಪರಾಧದ ಪ್ರಕರಣದಲ್ಲೂ ನ್ಯಾಯಾಲಯ ಚಿಕಿತ್ಸೆಗೆ ಆದೇಶಿಸಬಹುದು.

ಜೈಲು ಸುರಕ್ಷಿತ ಜಾಗ ಎಂಬ ನಂಬಿಕೆ ಈ ಚರ್ಚೆಯ ಅಡಿಪಾಯದಲ್ಲೇ ಇದೆ. ಅದು ನಿಜವಲ್ಲ. ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ದಾಖಲೆ ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಅತಿಸೇವನೆಯಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಎಂದು ತೋರಿಸಿತು. ಒಳಗಿದ್ದಾಗ ದೇಹದ ಸಹಿಷ್ಣುತೆ ಇಳಿಯುತ್ತದೆ, ಹಂಬಲ ಇಳಿಯುವುದಿಲ್ಲ. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಂಡರೆ ಮುಗಿಯಿತು. ಅದು ಹೆರಾಯಿನ್ ಕಾಲದ ಲೆಕ್ಕ. ಫೆಂಟನಿಲ್ ಇನ್ನೂ ಕ್ಷಮೆಯಿಲ್ಲದ್ದು. ಬೀದಿಯಲ್ಲಿ ಮಾಲು ಹಿಡಿಯುವುದರಿಂದಲೂ ಹೀಗೇ ಆಗುತ್ತದೆ. ಇಂಡಿಯಾನಾಪೊಲಿಸ್‌ನಲ್ಲಿ ಪೊಲೀಸರು ಅಫೀಮು ವರ್ಗದ ಮಾದಕ ವಶಪಡಿಸಿಕೊಂಡ ಜಾಗಗಳ ಸುತ್ತ, ಮುಂದಿನ ಒಂದರಿಂದ ಮೂರು ವಾರಗಳಲ್ಲಿ ಅತಿಸೇವನೆಗಳು ಹೆಚ್ಚಾದದ್ದನ್ನು 2023ರ ಅಧ್ಯಯನ ದಾಖಲಿಸಿದೆ. ಪರಿಚಿತ ಮಾರಾಟಗಾರ ಹೋದಾಗ, ತಡೆಯಲಾರದ ರೋಗಿ ಅಪರಿಚಿತ ಮಾಲಿಗೆ ಕೈಚಾಚುತ್ತಾನೆ. ಇದಕ್ಕೆ ಎದುರಾಗಿ ರೋಡ್ ಐಲ್ಯಾಂಡ್ ಎಂಬ ಪುಟ್ಟ ರಾಜ್ಯದ ಉದಾಹರಣೆಯಿದೆ. 2016ರಿಂದ ಅದು ತನ್ನ ಎಲ್ಲ ಸೆರೆಮನೆಗಳಲ್ಲಿ ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಗಳನ್ನು ಕೊಡತೊಡಗಿತು, ಬಿಡುಗಡೆಯ ನಂತರವೂ ಮುಂದುವರಿಸಿತು. 2016ರ ಮೊದಲ ಆರು ತಿಂಗಳಿಗೆ ಹೋಲಿಸಿದರೆ 2017ರ ಅದೇ ಅವಧಿಯಲ್ಲಿ, ಹೊಸದಾಗಿ ಹೊರಬಂದು ಅತಿಸೇವನೆಯಿಂದ ಸತ್ತವರ ಸಂಖ್ಯೆ 26ರಿಂದ 9ಕ್ಕೆ ಇಳಿಯಿತು. ಅದೇ ರಾಜ್ಯ 2018ರಲ್ಲಿ ಮಾದಕ ಮಾರಿ ಸಾವಿಗೆ ಕಾರಣನಾದವನಿಗೆ ಜೀವಾವಧಿ ಶಿಕ್ಷೆಯ ಕಾನೂನನ್ನೂ ತಂದಿತು. ಪತ್ರಿಕೆಗಳ ಮುಖಪುಟದಲ್ಲಿ ಜಾಗ ಪಡೆದದ್ದು ಎರಡನೆಯದು.

ಕೊಲರಾಡೊದ 1326ನೇ ಮಸೂದೆಯಲ್ಲೂ ಹಾಗೇ ಆಯಿತು. ಜಿಲ್ಲಾ ಜೈಲುಗಳು ಅಫೀಮು ವ್ಯಸನಿಗಳಿಗೆ ಔಷಧ ಚಿಕಿತ್ಸೆ ಕೊಡಲೇಬೇಕು, ಅತಿಸೇವನೆ ಇಳಿಸುವ ನಲಾಕ್ಸೋನ್ ಹಂಚಬೇಕು, ಫೆಂಟನಿಲ್ ಪತ್ತೆಹಚ್ಚುವ ಪಟ್ಟಿಗಳಿಗೆ ಹಣ ಕೊಡಬೇಕು ಎಂಬ ಕಲಮುಗಳು ಅದರಲ್ಲೇ ಇದ್ದವು. ಆದರೆ ವಾರಗಟ್ಟಲೆ ಶಾಸಕರ, ಪತ್ರಿಕೆಗಳ ಉಸಿರು ಹೋದದ್ದು ಒಂದೋ ನಾಲ್ಕೋ ಎಂಬ ಅಂಕಿಯ ಮೇಲೆ. ಕ್ಯಾಲಿಫೋರ್ನಿಯಾದ ಮತದಾರರು 2024ರ ನವೆಂಬರ್‌ನಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಶಿಕ್ಷೆ ಹೆಚ್ಚಿಸಿದರು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಫೆಂಟನಿಲ್ ಹೋಲುವ ಇಡೀ ವರ್ಗದ ರಾಸಾಯನಿಕಗಳನ್ನು ಕಾಯಂ ನಿಷೇಧಿಸಿ, 100 ಗ್ರಾಂಗೆ ಹತ್ತು ವರ್ಷ ಎಂಬ ಹಳೆಯ ಸೂತ್ರವನ್ನೇ ಅವಕ್ಕೂ ಅನ್ವಯಿಸಿತು. ಈ ನಡುವೆ ದೇಶದ ಒಟ್ಟು ಅತಿಸೇವನೆ ಸಾವುಗಳು 2023ರ 1,05,000ದಿಂದ 2024ರಲ್ಲಿ 80,000ದ ಆಸುಪಾಸಿಗೆ ಇಳಿದವು, ಬಿಗಿ ರಾಜ್ಯಗಳಲ್ಲೂ ಸಡಿಲ ರಾಜ್ಯಗಳಲ್ಲೂ. ಏಕೆ ಎಂಬ ಚರ್ಚೆ ಇನ್ನೂ ನಡೆದಿದೆ.

ಮಾರುಕಟ್ಟೆ ಮಾತ್ರ ನಿಂತಿಲ್ಲ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನ ಔಷಧ ಕಂಪನಿಯೊಂದು ತಯಾರಿಸಿ, ಯಾವ ದೇಶವೂ ಔಷಧವೆಂದು ಒಪ್ಪದೆ ಮೂಲೆಗೆ ಬಿದ್ದಿದ್ದ ನೈಟಜೀನ್ ಎಂಬ ವರ್ಗದ ಅಫೀಮುಗಳು ಈಗ ಬೀದಿಗೆ ಬಂದಿವೆ. ಅವು ಫೆಂಟನಿಲ್‌ನ ವಂಶದವಲ್ಲ, ಅವುಗಳಲ್ಲಿ ಕೆಲವು ಅದಕ್ಕಿಂತ ಪ್ರಬಲ. 2022ರ ಏಪ್ರಿಲ್‌ನಲ್ಲಿ ಓಹಾಯೊ ಗವರ್ನರ್ ಮೈಕ್ ಡಿವೈನ್ ತುರ್ತು ಆದೇಶದಿಂದ ಅವನ್ನು ನಿಷೇಧಿಸಿದರು. ಕೊಲರಾಡೊದ ಕರಡು ಬರೆದವರೂ ಎಚ್ಚರ ತಪ್ಪಲಿಲ್ಲ. 2022ರ ಕಾಯ್ದೆಯಲ್ಲಿ ಫೆಂಟನಿಲ್, ಕಾರ್ಫೆಂಟನಿಲ್ ಜೊತೆ ಬೆಂಜಿಮಿಡಜೋಲ್ ಅಫೀಮು ಎಂಬ ಹೆಸರಿನಲ್ಲಿ ಇವನ್ನೂ ಸೇರಿಸಿದ್ದಾರೆ. ಆದರೆ ಗೆರೆ ಅವಕ್ಕೂ ಅದೇ ಒಂದು ಗ್ರಾಂ, ಅದೂ ಬೆರಕೆಯ ತೂಕದಲ್ಲಿ, ಅವುಗಳ ಬಲ ಎಷ್ಟಾದರೂ ಇರಲಿ. ಜೈಲಿನ ಚಿಕಿತ್ಸೆಯ ಕಲಮಿಗೆ ಹೊಸ ರಾಸಾಯನಿಕದ ಹೆಸರನ್ನಾಗಲಿ ತೂಕವನ್ನಾಗಲಿ ಸೇರಿಸಬೇಕಾದ ಪ್ರಮೇಯ ಬರಲಿಲ್ಲ.